ಅಪ್ಪನ ಕೈಯಲ್ಲಿ ಜನತಾ ವಾಚು, ಚಡ್ಡಿ ಜೇಬಿನಲ್ಲಿ ಜಿಪಿಎಸ್

ತುಮಕೂರಿನಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಅಪ್ಪನಿಗೆ ಆಲ್ಝೈಮರ್ ಅಂತ ಗೊತ್ತಾಗಿ, ಅವರು ಒಬ್ಬರೇ ಮನೆಯಿಂದ ಹೊರಟುಬಿಡುವುದು ಶುರುವಾದಾಗ ನಾನು ಜಾಸ್ತಿ ಹೆದರಲಿಲ್ಲ. ಎಲ್ಲಿದ್ದಾರೆ ಅಂತ ಫೋನಿಗೆ ತೋರಿಸುವ ಒಂದು ಜಿಪಿಎಸ್ ವಾಚು ಕಟ್ಟಿದರಾಯ್ತು, ಅಲ್ವಾ?

ಅಪ್ಪ ಶಿರಾ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದವರು. ಸಂಜೆ ಐದಾಗುತ್ತಲೇ ಚಡಪಡಿಕೆ. "ಶಾಲೆಗೆ ಹೊತ್ತಾಯ್ತು" ಅಂತ ಪಂಚೆ ಸರಿಮಾಡಿಕೊಂಡು ಗೇಟಿನತ್ತ ನಡೆಯುತ್ತಾರೆ. ಎರಡು ಸಲ ಬಸ್ ಸ್ಟ್ಯಾಂಡಿನಲ್ಲಿ, "ಶಿರಾ ಬಸ್ಸು ಯಾವುದಪ್ಪಾ" ಅಂತ ಕೇಳುತ್ತಾ ನಿಂತಿದ್ದರು.

ಮೊದಲು ಆನ್‌ಲೈನಿನಲ್ಲಿ ಅಗ್ಗದ ವಾಚು ತರಿಸಿದೆ. ಅದು 2ಜಿ. ನಾನು ಹಾಕಿದ ಸಿಮ್ಮಿನ ಕಂಪನಿಗೆ 2ಜಿ ನೆಟ್‌ವರ್ಕೇ ಇಲ್ಲ. ದಿನಾ ಸಿಮ್ ಮಾರುವ ನಾನೇ ಇದನ್ನು ನೋಡಿರಲಿಲ್ಲ! ಎರಡನೆಯದು 4ಜಿ. ಅಪ್ಪನ ಎಡಗೈಯಿಂದ ಹಳೇ ಎಚ್‌ಎಂಟಿ ಜನತಾ ಬಿಚ್ಚಿ ಇದನ್ನು ಕಟ್ಟಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ನನ್ನ ಫೋನ್ ಬಡಿದುಕೊಂಡಿತು. ತುರ್ತು ಕರೆ. ಓಡಿಹೋಗಿ ನೋಡಿದರೆ ಅಪ್ಪ ಮಂಚದ ಮೇಲೆ ಕೂತು ವಾಚಿಗೆ ಕೀ ಕೊಡುತ್ತಿದ್ದಾರೆ. ಜನತಾಗೆ ದಿನಾ ಕೀ ಕೊಡಬೇಕು. ಎಷ್ಟೋ ವರ್ಷದ ರೂಢಿ, ಕೈಬೆರಳು ಮರೆತಿಲ್ಲ. ಹೊಸ ವಾಚಿನಲ್ಲಿ ಕೀ ಇರಬೇಕಾದ ಜಾಗದಲ್ಲೇ ಎಸ್‌ಒಎಸ್, ಅಂದರೆ ತುರ್ತು ಕರೆಯ ಗುಂಡಿ. ತಿರುಗಿಸಲು ಹೋಗಿ ಒತ್ತಿಬಿಡುತ್ತಾರೆ. ನಾಲ್ಕು ದಿನ ಇದೇ ಸುಪ್ರಭಾತ. ಐದನೆಯ ದಿನ ಕರೆ ಬರಲಿಲ್ಲ. ವಾಚು ಅಕ್ಕಿ ಡಬ್ಬದಲ್ಲಿ ಸಿಕ್ಕಿತು.

ಮತ್ತೆ ಕಟ್ಟಲು ಹೋದರೆ, "ನಾನೇನು ಹಸುವೇನೋ, ಗಂಟೆ ಕಟ್ಟೋಕೆ?" ಅಂದರು. ನನ್ನ ಹೆಸರು ಮರೆತಿದ್ದ ದಿನ ಅದು. ಮಾತು ಮಾತ್ರ ಖಡಕ್ಕಾಗಿತ್ತು. ವಾಚನ್ನು ಸುಮ್ನೆ ಒಳಗಿಟ್ಟೆ.

ದಾರಿ ತೋರಿಸಿದ್ದು ಅಮ್ಮ. "ಅವ್ರು ದುಡ್ಡು ಎಲ್ಲಿಡ್ತಾರೆ? ಅಲ್ಲೇ ಇಡು." ಪಟ್ಟಾಪಟ್ಟಿ ಚಡ್ಡಿಯ ಜೇಬು! ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ಟ್ರ್ಯಾಕರ್ ತಂದೆ. "ಇದು ಜೊತೆಗಿದ್ರೆ ನೀವು ಎಲ್ಲಿದ್ದೀರಂತ ಮಗನಿಗೆ ಗೊತ್ತಾಗುತ್ತೆ" ಅಂತ ಅಮ್ಮ ಹೇಳಿಯೇ ಇಟ್ಟರು. ಅಪ್ಪ ಜೇಬು ತಟ್ಟಿ ನೋಡಿಕೊಂಡರು, ಅಷ್ಟೇ. ಒಂದು ಸಲ ಚಡ್ಡಿಯ ಜೊತೆ ಸೋಪಿನ ನೀರಿಗೂ ಬಿತ್ತು. ಬಿಚ್ಚಿ ಒಣಗಿಸಿದೆ, ಬದುಕಿಕೊಂಡಿತು. ಈಗ ಎರಡು ಇಟ್ಟಿದ್ದೇನೆ. ಒಂದು ಜೇಬಿನಲ್ಲಿ, ಒಂದು ಚಾರ್ಜಿನಲ್ಲಿ. ಸ್ನಾನದ ಹೊತ್ತಿಗೆ ಅಮ್ಮ ಬದಲಾಯಿಸುತ್ತಾರೆ.

ಸೆಟ್ಟಿಂಗಿನಲ್ಲಿ ನಾನು ಎಡವಿದ್ದು ಎರಡು ಕಡೆ. ಆ್ಯಪಿನ ಮ್ಯಾಪಿನಲ್ಲಿ ಮನೆಯ ಸುತ್ತ 50 ಮೀಟರ್ ಗೆರೆ ಹಾಕಿದ್ದೆ, ದಾಟಿದರೆ ಫೋನ್ ಕೂಗುತ್ತದೆ. ಆರ್‌ಸಿಸಿ ಮನೆಯೊಳಗೆ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಜಾಗ ಅತ್ತಿತ್ತ ಜಾರುತ್ತದೆ. ಅಪ್ಪ ಗೊರಕೆ ಹೊಡೆಯುತ್ತಿದ್ದರೆ ಮ್ಯಾಪಿನಲ್ಲಿ ಪಕ್ಕದ ಬೀದಿಯಲ್ಲಿ ಓಡಾಡುತ್ತಿದ್ದರು. ರಾತ್ರಿಯೆಲ್ಲ ಅಲಾರಾಂ. 200 ಮೀಟರಿಗೆ ಏರಿಸಿದ ಮೇಲೆ ನಿದ್ದೆ ಬಂತು. ಇನ್ನೊಂದು, ಬ್ಯಾಟರಿ ಉಳಿಸಲು ಹತ್ತು ನಿಮಿಷಕ್ಕೊಮ್ಮೆ ಜಾಗ ಕಳಿಸುವಂತೆ ಇಟ್ಟಿದ್ದು. ಹತ್ತು ನಿಮಿಷದಲ್ಲಿ ಅಪ್ಪ ಅರ್ಧ ಕಿಲೋಮೀಟರ್ ದಾಟುತ್ತಾರೆ. ಈಗ ಸಂಜೆ 4ರಿಂದ 8ರವರೆಗೆ ನಿಮಿಷಕ್ಕೊಮ್ಮೆ.

ಟ್ರ್ಯಾಕರ್ ಇಡುವ ಹೆಜ್ಜೆ ಲೆಕ್ಕವನ್ನು ನಾನು ಗಮನಿಸುತ್ತಲೇ ಇರಲಿಲ್ಲ. ಒಂದು ವಾರ ಅಪ್ಪ ತುಂಬಾ ಮಂಕಾದರು, ಮಾತು ತಪ್ಪುತ್ತಿತ್ತು. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡೆವು. ತೆಗೆದು ನೋಡಿದರೆ ಮೂರು ರಾತ್ರಿಯಿಂದ ಗಂಟೆಗೊಮ್ಮೆ ಎದ್ದು ಓಡಾಡಿದ್ದಾರೆ. ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ಬರೆದಿದ್ದೇ ಮೂತ್ರ ಪರೀಕ್ಷೆ. ಸೋಂಕಿತ್ತು. ವಯಸ್ಸಾದವರಿಗೆ ಅದರಿಂದಲೇ ಗೊಂದಲ ಹೆಚ್ಚಾಗುತ್ತದಂತೆ. ಮಾತ್ರೆ ಕೊಟ್ಟ ಮೇಲೆ ಮೊದಲಿನ ಹಾಗಾದರು.

ಪುಣೆಯ ತಂಗಿಗೂ ಆ್ಯಪ್ ಹಾಕಿಕೊಟ್ಟಿದ್ದೆ, ತಪ್ಪಾಯಿತು. ಚುಕ್ಕೆ ಸ್ವಲ್ಪ ಅಲ್ಲಾಡಿದರೆ ಸಾಕು, "ಅಪ್ಪ ಎಲ್ಲಿ?" ಅಂತ ಅಮ್ಮನಿಗೆ ಫೋನ್. ಅಮ್ಮ ಒಲೆ ಬಿಟ್ಟು ಓಡಿಬರಬೇಕು. ತಂಗಿ ಮುನಿಸಿಕೊಂಡರೂ ತೆಗೆಸಿದೆ. ಈಗ ನನ್ನ ಮತ್ತು ಹೆಂಡತಿಯ ಫೋನಿಗೆ ಮಾತ್ರ.

ಆಟೋ ಸ್ಟ್ಯಾಂಡಿನವರಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ಕಳೆದ ತಿಂಗಳು ಟ್ರ್ಯಾಕರ್ ಕೂಗುವ ಮೊದಲೇ ಅವರೇ ಫೋನ್ ಮಾಡಿದರು, "ಮೇಷ್ಟ್ರು ಹೊರಟ್ರು, ಕೂರಿಸ್ಕೊಂಡಿದೀವಿ ಬನ್ನಿ" ಅಂತ. ಹೋದಾಗ ಅಪ್ಪ ಆಟೋದ ಹಿಂದಿನ ಸೀಟಿನಲ್ಲಿ ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿ ಜನತಾ ವಾಚು ಕಿವಿಗೆ ಹಿಡಿದುಕೊಂಡು, "ಬೆಲ್ ಹೊಡೀತಾ?" ಅಂದರು.