ಚೀಟಿ ಸರಿಸಿ ಕಲಿತ ಇಂಗ್ಲಿಷ್ ಪ್ರಶ್ನೆ

ಗೋಕರ್ಣದ ಹತ್ತಿರ ಬಂಕಿಕೊಡ್ಲದಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಮೂರೇ ಕೋಣೆ. ಅಡುಗೆ ಅಮ್ಮನದು, ಸ್ಟೇಷನ್ನಿನಿಂದ ಕರೆತರುವುದು ಅಣ್ಣನ ಆಟೋ, ಮಾತುಕತೆ ನನ್ನದು. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತಿತ್ತು, ಕೇಳಿದ್ದಕ್ಕೆ ಹೇಗೋ ಉತ್ತರವೂ ಕೊಡುತ್ತಿದ್ದೆ. ಆದರೆ ಗೆಸ್ಟ್ ಜೊತೆ ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವ ಕೆಲಸವೇ ಜಾಸ್ತಿ. ಯಾವಾಗ ಬರ್ತೀರಿ, ಎಷ್ಟು ಜನ, ಖಾರ ಆಗುತ್ತಾ, ಬಿಸಿನೀರು ಬೇಕಾ. ಅಲ್ಲೇ ನಾನು ಎಡವುತ್ತಿದ್ದದ್ದು.

ಮೊದಲ ವರ್ಷ ಇಂಗ್ಲೆಂಡಿನ ಒಬ್ಬ ಗೆಸ್ಟ್‌ಗೆ ವಾಟ್ಸಾಪ್‌ನಲ್ಲಿ 'ವೆನ್ ಯು ಆರ್ ಕಮಿಂಗ್' ಅಂತ ಕಳಿಸಿದ್ದೆ. ಪ್ರಶ್ನೆ ಚಿಹ್ನೆ ಹಾಕುವ ಅಭ್ಯಾಸ ಆಗ ಇರಲಿಲ್ಲ. ಉತ್ತರ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಫೋನ್: ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ನಿಂತಿದ್ದೇನೆ, ಆಟೋ ಎಲ್ಲಿ? ಅಣ್ಣ ಆ ಹೊತ್ತಿಗೆ ಕುಮಟಾದಲ್ಲಿ ಬಾಡಿಗೆಗೆ ಹೋಗಿದ್ದ. ಪಾಪ, ಆ ಬಿಸಿಲಲ್ಲಿ ಒಂದು ಗಂಟೆ ಕಾದರು.

ಸಂಜೆ ಚಹಾ ಕುಡಿಯುತ್ತಾ ಅವರೇ ವಿಷಯ ಬಿಡಿಸಿದರು. ರಿಟೈರ್ ಆದ ಮೇಷ್ಟ್ರಂತೆ. 'ನಿನ್ನ ಮೆಸೇಜ್ ಅರ್ಧಕ್ಕೇ ನಿಂತಿತ್ತು. ಉಳಿದದ್ದು ಬರಲಿ ಅಂತ ಕಾದೆ' ಅಂದರು. ಆಗ ಗೊತ್ತಾಯಿತು. 'ವೆನ್ ಯು ಆರ್ ಕಮಿಂಗ್' ಅಂದರೆ ಅವರ ಕಿವಿಗೆ 'ನೀವು ಬರುವಾಗ' ಅಂತ ಕೇಳುತ್ತದೆ. ಬರುವಾಗ ಏನು? ಛತ್ರಿ ತರಬೇಕಾ, ಬಾಗಿಲು ಬಡಿಯಬೇಕಾ? 'ಯಾವಾಗ ಬರ್ತೀರಿ' ಆಗಬೇಕಾದರೆ 'ವೆನ್ ಆರ್ ಯು ಕಮಿಂಗ್' ಅನ್ನಬೇಕು. ಎರಡು ಪದ ಅದಲುಬದಲು, ಅರ್ಥ ಪೂರ್ತಿ ಬೇರೆ.

ಆ ರಾತ್ರಿ ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿದೆ. ಒಂದೊಂದು ಚೀಟಿಗೆ ಒಂದೊಂದು ಪದ. ಯು, ಆರ್, ಕಮಿಂಗ್, ವೆನ್, ಟುಮಾರೋ. ಜಗಲಿ ಮೇಲೆ ಸಾಲಾಗಿ ಇಟ್ಟೆ. ಫ್ಯಾನಿಗೆ ಹಾರಬಾರದು ಅಂತ ಒಂದೊಂದರ ಮೇಲೂ ಒಂದೊಂದು ಅಡಿಕೆ. ಅಮ್ಮ ಒಳಗಿಂದ ಬಂದು ನೋಡಿ, 'ಎಂತ ಮಾಡ್ತಿ ತಂಗಿ, ಇಸ್ಪೀಟಾ?' ಅಂದಳು.

ನನ್ನ ತೊಂದರೆ ಎಲ್ಲಾ ಆ 'ಇಸ್ಪೀಟಾ'ದಲ್ಲೇ ಇತ್ತು. ನಮ್ಮಲ್ಲಿ ಪ್ರಶ್ನೆ ಬಾಲದಲ್ಲಿ ಇರುತ್ತದೆ. ಯಾವ ಪದಕ್ಕೆ ಬೇಕಾದರೂ ಒಂದು 'ಆ' ಹಚ್ಚಿದರೆ ಮುಗಿಯಿತು. ನಾಳೆನಾ ಬರೋದು? ನೀವಾ ಬರೋದು? ಬರ್ತೀರಾ? ಉಳಿದ ಪದಗಳು ಇದ್ದಲ್ಲೇ ಇರುತ್ತವೆ. ಇಂಗ್ಲಿಷಿಗೆ ಆ ಬಾಲ ಇಲ್ಲ. ಅದು ತಲೆ ಕಡೆಯಿಂದಲೇ ಪ್ರಶ್ನೆ ಅಂತ ತೋರಿಸಬೇಕು.

'ಯು ಆರ್ ಕಮಿಂಗ್ ಟುಮಾರೋ' ಸಾಲಿನಿಂದ 'ಆರ್' ಎತ್ತಿ 'ಯು'ವಿನ ಎಡಕ್ಕೆ ಇಟ್ಟರೆ ಪ್ರಶ್ನೆ. 'ವೆನ್' ಬೇಕಾದರೆ ಅದು ಇನ್ನೂ ಎಡಕ್ಕೆ, ಆಗ 'ಟುಮಾರೋ' ಚೀಟಿ ಎತ್ತಿಬಿಡಿ. ಕ್ಯಾನ್, ವಿಲ್, ಶುಡ್, ಈಸ್, ವಾಸ್ ಎಲ್ಲಾ ಹೀಗೇ ದಾಟುತ್ತವೆ. ಇದಕ್ಕೆ ಒಂದು ವಾರವೂ ಹಿಡಿಯಲಿಲ್ಲ.

ಕಷ್ಟ ಆದದ್ದು 'ಶಿ ಈಟ್ಸ್ ಫಿಶ್' ಥರದ ಸಾಲು. ದಾಟಿಸಲು ಅಲ್ಲಿ ಏನೂ ಇಲ್ಲ! ನಾನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದವನ್ನೇ ಎತ್ತಿ ಮುಂದೆ ಇಡುವುದೂ ಇತ್ತಂತೆ, 'ವಾಟ್ ಸೇ ಯು' ಅಂತ. ಹಾಗೇ ಇದ್ದಿದ್ದರೆ ನಮಗೆಲ್ಲಾ ಸುಲಭ ಆಗುತ್ತಿತ್ತು. ಈಗ ಹೊರಗಿನಿಂದ 'ಡು' ಕರೆಸಬೇಕು.

ಮೇಷ್ಟ್ರು ಹೊರಡುವ ಮುಂಚೆ ನನ್ನ ಚೀಟಿ ನೋಡಿ ಒಂದು ಉಪಾಯ ಹೇಳಿಕೊಟ್ಟರು. 'ಈಟ್ಸ್' ಚೀಟಿಯನ್ನು ಕತ್ತರಿಯಿಂದ ಎರಡು ಮಾಡಿದರು. 'ಈಟ್' ಒಂದು ಕಡೆ, ಕೊನೆಯ 'ಎಸ್' ಒಂದು ಕಡೆ. 'ಡು' ಚೀಟಿ ತಂದು 'ಶಿ' ಮುಂದೆ ಇಟ್ಟು, ಆ 'ಎಸ್' ತುಂಡನ್ನು ಅದರ ಪಕ್ಕಕ್ಕೆ ಸರಿಸಿದರು. ಡು ಹೋಗಿ ಡಸ್ ಆಯಿತು. 'ಡಸ್ ಶಿ ಈಟ್ ಫಿಶ್?' ಇದ್ದದ್ದು ಒಂದೇ ತುಂಡು ಅಲ್ವಾ, ಮತ್ತೆ 'ಈಟ್ಸ್' ಅನ್ನಲು ಎಲ್ಲಿಂದ ತರುವುದು? ನೆನ್ನೆಯ ಮಾತಿಗೂ ಇದೇ ಲೆಕ್ಕ. 'ವೆಂಟ್'ನಲ್ಲಿರುವ ನೆನ್ನೆಯನ್ನು 'ಡಿಡ್' ಎತ್ತಿಕೊಂಡರೆ ಉಳಿಯುವುದು ಬರೀ 'ಗೋ'. 'ಡಿಡ್ ಯು ವೆಂಟ್ ಟು ಓಂ ಬೀಚ್' ಅಂತ ಎಷ್ಟು ಜನರನ್ನು ಕೇಳಿದ್ದೆನೋ ಲೆಕ್ಕವಿಲ್ಲ. ಯಾರೂ ತಿದ್ದಿರಲಿಲ್ಲ.

'ಹೂ' ಮಾತ್ರ ಬಹಳ ದಿನ ಕಾಡಿತು. 'ಹೂ ಡಿಡ್ ಕಾಲ್ ಯು' ಅಂತ ನಾನು 'ಡಿಡ್' ತುರುಕುತ್ತಿದ್ದೆ. ಕನ್ನಡದಲ್ಲಿ ಇಟ್ಟು ನೋಡಿದಾಗ ಬಿಡಿಸಿತು. 'ಯಾರು ಕರೆದರು' ಬೇರೆ, 'ಯಾರನ್ನು ಕರೆದಿರಿ' ಬೇರೆ. ನಮ್ಮಲ್ಲಿ 'ಅನ್ನು' ಮಾಡುವ ಕೆಲಸವನ್ನು ಅಲ್ಲಿ ಪದಗಳ ಸಾಲು ಮಾಡುತ್ತದೆ. ಕರೆದವರು ಯಾರು ಅಂತ ಕೇಳುವಾಗ ಏನೂ ಸರಿಸಬೇಡಿ, 'ಹೂ ಕಾಲ್ಡ್ ಯು?' ಅಷ್ಟೇ. ಕರೆಸಿಕೊಂಡವರು ಯಾರು ಅನ್ನುವುದಾದರೆ 'ಹೂ ಡಿಡ್ ಯು ಕಾಲ್?' ಈಗಲೂ ಅನುಮಾನ ಬಂದರೆ ಮನಸ್ಸಿನಲ್ಲೇ ಒಂದು ಸಲ 'ಯಾರು, ಯಾರನ್ನು' ಅಂದುಕೊಳ್ಳುತ್ತೇನೆ.

ಇಷ್ಟು ಕಲಿತ ಮೇಲೆ ಬೇರೆ ರೋಗ ಶುರುವಾಯಿತು. ಸಿಕ್ಕಿದ್ದನ್ನೆಲ್ಲಾ ತಿರುಗಿಸುವುದು. 'ಮೇ ಐ ನೋ ವೇರ್ ಆರ್ ಯು ಫ್ರಮ್' ಅಂತ ಮರ್ಯಾದೆಯಿಂದ ಕೇಳುತ್ತಿದ್ದೆ. ಸಾಲಿನ ಮೊದಲಿಗೇ 'ಮೇ ಐ' ಅಂತ ತಿರುಗಿಸಿ ಆಗಿದೆ, ಇನ್ನೊಂದು ಸಲ ಯಾಕೆ? 'ಮೇ ಐ ನೋ ವೇರ್ ಯು ಆರ್ ಫ್ರಮ್' ಸಾಕು.

ಇನ್ನು ಸಾಲಿನ ಕೊನೆಗೆ ಅಂಟಿಸುವ 'ಆರ್ನ್ಟ್ ಯು', 'ಡಿಡ್ನ್ಟ್ ಶಿ'. ನಮಗೆ ಎಲ್ಲದಕ್ಕೂ ಒಂದೇ 'ಅಲ್ವಾ' ಸಾಕು, ಅವರಿಗೆ ವಾಕ್ಯಕ್ಕೊಂದು ಬೇಕು. ನಾನು ಅದರ ಗೊಡವೆಗೇ ಹೋಗಿಲ್ಲ. ಸುಮ್ನೆ 'ರೈಟ್?' ಅನ್ನುತ್ತೇನೆ, ಕೆಲಸ ನಡೆಯುತ್ತದೆ. ಹಾಗೇ 'ಯು ವಾಂಟ್ ಟೀ?' ಅಂತ ದನಿ ಏರಿಸಿ ಕೇಳಿದರೂ ತಪ್ಪೇನಿಲ್ಲ, ಎದುರಾ ಎದುರು ಮಾತಾಡುವಾಗ ಅವರೂ ಹಾಗೇ ಕೇಳುತ್ತಾರೆ. ಮೆಸೇಜ್‌ನಲ್ಲಿ ದನಿ ಇರುವುದಿಲ್ಲ ನೋಡಿ, ಅಲ್ಲಿ ಹುಷಾರು.

ಪದಗಳ ಸಾಲು ಸರಿಯಿದ್ದೂ ಕೆಟ್ಟದ್ದು ಒಂದಿದೆ. ಲಂಡನ್ನಿನಿಂದ ಬಂದಿದ್ದ ಹುಡುಗಿಯನ್ನು ಮೀನು ತಿನ್ನಲ್ವಾ ಅಂತ ಕೇಳಲು 'ಡೋಂಟ್ ಯು ಈಟ್ ಫಿಶ್?' ಅಂದೆ. ಅವಳು 'ನೋ' ಅಂದಳು. ನಮ್ಮ ಕಡೆ ಇದಕ್ಕೆ 'ಹೌದು, ತಿನ್ನಲ್ಲ' ಅಂತ ಹೇಳುವುದು ರೂಢಿ. ಹಾಗಾದರೆ 'ನೋ' ಅಂದರೆ 'ಇಲ್ಲಪ್ಪ, ತಿಂತೇನೆ' ಅಂತ ತಾನೇ? ನಾನು ಹಾಗೇ ತಿಳಿದೆ. ಅಮ್ಮ ಎರಡು ಬಂಗಡೆ ಹುರಿದು, ಸಾರು ಹಾಕಿ ಊಟಕ್ಕಿಟ್ಟಳು. ಹುಡುಗಿ ತಟ್ಟೆ ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಕೇಳಲಿ, ತಿನ್ನದವರು 'ನೋ', ತಿನ್ನುವವರು 'ಯೆಸ್'. ಬಂಗಡೆ ಅಣ್ಣನ ಪಾಲಾಯಿತು, ಅವಳಿಗೆ ಅನ್ನ, ಮಜ್ಜಿಗೆ, ಮಾವಿನಮಿಡಿ ಉಪ್ಪಿನಕಾಯಿ. ಅವತ್ತಿನಿಂದ ನೇರ 'ಡು ಯು ಈಟ್ ಫಿಶ್?' ಮಾತ್ರ.

ಮೇಷ್ಟ್ರು ಆಮೇಲೂ ಬಂದರು, ಹೆಂಡತಿಯನ್ನೂ ಕರೆದುಕೊಂಡು. 'ನಿಮ್ಮದು ಇದು ಎಷ್ಟನೇ ಸಲ' ಅಂತ ಅವರನ್ನು ಕೇಳಬೇಕಿತ್ತು. ಹೌ ಮೆನಿ ಇಟ್ಟೆ, ಟೈಮ್ ಇಟ್ಟೆ, 'ಎಷ್ಟನೇ'ಗೆ ಚೀಟಿಯೇ ಇಲ್ಲ. ಅರ್ಥ ವಿವರಿಸಿ ಅವರನ್ನೇ ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮುರುಗಲ ಪಾನಕ ಮುಗಿಯುವವರೆಗೂ ಯೋಚನೆ ಮಾಡಿ, ಅದಕ್ಕೆ ನಮ್ಮಲ್ಲಿ ಒಂದು ಪದ ಇಲ್ಲ, 'ಹೌ ಮೆನಿ ಟೈಮ್ಸ್ ಹ್ಯಾವ್ ಯು ಬೀನ್ ಹಿಯರ್' ಅಂತ ಕೇಳಿ ನೀನೇ ಲೆಕ್ಕ ಹಾಕಿಕೋ ಅಂದರು. ಕೇಳಿದೆ. 'ತ್ರೀ' ಅಂದರು. ಈ ಸಲದ್ದೂ ಸೇರಿಸಿಯಾ ಅಂತ ಕೇಳಲು ಮತ್ತೆ ಚೀಟಿ ಹುಡುಕಿದೆ.