ಓವರ್‌ವಾಚ್ ಆಡುವವರಿಗೆ: ಮೊದಲು ಪಂದ್ಯದ ಬಗೆಯನ್ನು ಅರಿಯಿರಿ

ಎರಡು ತಂಡಗಳು ಸೆಣಸುವ ಶೂಟಿಂಗ್ ವಿಡಿಯೋ ಗೇಮ್ ಓವರ್‌ವಾಚ್‌ಗೆ ಹೊಸದಾಗಿ ಬಂದಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ: ಎಷ್ಟು ಎದುರಾಳಿಗಳನ್ನು ಉರುಳಿಸಿದೆವು ಎಂದು ಎಣಿಸುವ ಮೊದಲು, ಆ ಪಂದ್ಯದ ಗೆಲುವು ಯಾವುದರ ಮೇಲೆ ನಿಂತಿದೆ ಎಂಬುದನ್ನು ತಿಳಿದುಕೊಳ್ಳಿ. ಪೇಲೋಡ್ ಎಂಬ ಬಂಡಿಯನ್ನು ದಾಳಿ ತಂಡ ಗುರಿ ಮುಟ್ಟಿಸಬೇಕಾದ ಎಸ್ಕಾರ್ಟ್ ಪಂದ್ಯದಲ್ಲಿ ಆ ತಂಡದ ಒಬ್ಬರು ಬಳಿಯಿದ್ದರೂ ಬಂಡಿ ಚಲಿಸುತ್ತದೆ, 3 ಜನರಿದ್ದರೆ ಗರಿಷ್ಠ ವೇಗ ಪಡೆಯುತ್ತದೆ, ಎದುರಾಳಿಯೊಬ್ಬ ಹತ್ತಿರ ಬಂದರೆ ನಿಂತುಬಿಡುತ್ತದೆ. ಆದ್ದರಿಂದ ಎಲ್ಲರೂ ಬಂಡಿಗೆ ಅಂಟಿಕೊಳ್ಳದೆ, ಒಬ್ಬಿಬ್ಬರು ಅದನ್ನು ನಡೆಸುತ್ತಿರುವಾಗ ಉಳಿದವರು ಮುಂದಿನ ತಿರುವನ್ನೂ ಎತ್ತರದ ಜಾಗವನ್ನೂ ಹಿಡಿದಿಟ್ಟುಕೊಳ್ಳುವುದು ಉತ್ತಮ. ಒಂದು ತಾಣವನ್ನು ವಶದಲ್ಲಿಟ್ಟುಕೊಳ್ಳಲು ಸೆಣಸುವ ಕಂಟ್ರೋಲ್ ಪಂದ್ಯದಲ್ಲಿ 3 ಸುತ್ತುಗಳ ಪೈಕಿ 2 ಗೆಲ್ಲಬೇಕು.

ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಗುರಿ ತಪ್ಪಿದ್ದಲ್ಲ. ಸತ್ತು ಮರಳಿದವರು ಒಬ್ಬೊಬ್ಬರಾಗಿ ಕಾಳಗಕ್ಕೆ ನುಗ್ಗಿದ್ದು. ಆರಂಭದಲ್ಲಿಯೇ ಇಬ್ಬರು ಬಿದ್ದರೆ ಹಿಂದೆ ಸರಿದು, ಇಡೀ ತಂಡ ಸೇರಿದ ಮೇಲೆ ಒಟ್ಟಾಗಿ ಮುನ್ನುಗ್ಗಿ, ಕೈತಪ್ಪಿದ ಹೋರಾಟದಲ್ಲಿ ಅಲ್ಟಿಮೇಟ್ (ನಿಧಾನವಾಗಿ ತುಂಬಿಕೊಳ್ಳುವ ಅತಿ ಪ್ರಬಲ ಶಕ್ತಿ) ವ್ಯಯಿಸದೆ ಮುಂದಿನದಕ್ಕೆ ಉಳಿಸಿಕೊಳ್ಳಿ. ತಂಡದವರನ್ನು ಗುಣಪಡಿಸುವ ಸಪೋರ್ಟ್ ಆಟಗಾರರ ಮೇಲೆ ದಾಳಿಯಾದಾಗ ದಯವಿಟ್ಟು ತಿರುಗಿ ನೋಡಿ, ಏಕೆಂದರೆ ಅವರು ಬಿದ್ದರೆ ಮುಂದೆ ನಿಂತು ಪೆಟ್ಟು ತಡೆಯುವ ಟ್ಯಾಂಕ್ ಆಟಗಾರ ಹೆಚ್ಚು ಹೊತ್ತು ನಿಲ್ಲಲಾರ. ಓವರ್‌ಟೈಮ್ (ಕೊನೆಯ ಹೆಚ್ಚುವರಿ ಅವಧಿ) ಆರಂಭವಾದಾಗ ಮಾತ್ರ ಯಾರಿಗೂ ಕಾಯದೆ, ಒಬ್ಬರಾದರೂ ಬಂಡಿಯನ್ನೋ ತಾಣವನ್ನೋ ತಲುಪಿ ನಿಲ್ಲಬೇಕು.