ಜೊತೆಲಿರೋ ಅನಸ್ತೇಷಿಯಾದೋರೇ ನಶೆಗೆ ಔಷಧಿ ಚುಚ್ಕೊಳ್ತಿದಾರೆ ಅಂತ ಅನುಮಾನ ಬಂದ್ರೆ ಏನ್ ಮಾಡ್ಬೇಕು

ಮೊದ್ಲು ಏನ್ ಮಾಡ್ಬಾರ್ದು ಅಂತ ಹೇಳ್ಬಿಡ್ತೀನಿ: ಒಬ್ರೇ ಹೋಗಿ ಕೇಳ್ಬೇಡಿ. ಕೇಳಿದ್ರೆ ಇಲ್ಲ ಅಂತಾನೇ ಅಂತಾರೆ, ಆಮೇಲೆ ಸಿಕ್ಕಿಬಿದ್ದೆ ಅನ್ನೋ ಭಯಕ್ಕೆ, ನಾಚಿಕೆಗೆ ಅವತ್ತು ರಾತ್ರಿನೇ ಜೀವ ಕಳ್ಕೊಂಡೋರಿದಾರೆ.

ಇನ್ನು ಗುರ್ತು. ಕೆಲ್ಸಕ್ಕೆ ಚಕ್ಕರ್ ಹೊಡಿಯೋರನ್ನ ಅನುಮಾನಿಸ್ತೀವಲ್ಲ, ಎಡವೋದೇ ಅಲ್ಲಿ. ಔಷಧಿ ಸಿಗೋದು ಆಪರೇಷನ್ ಥಿಯೇಟರಲ್ಲೇ, ಹಂಗಾಗಿ ಇವ್ರು ರಜೆ ದಿನಾನೂ ಬರ್ತಾರೆ, "ನೀವು ಊಟ ಮಾಡ್ಕೊಂಡ್ ಬನ್ನಿ, ಕೇಸ್ ನಾನ್ ನೋಡ್ಕೋತೀನಿ" ಅಂತಾರೆ, ಎಲ್ರೂ ಎಷ್ಟ್ ಒಳ್ಳೇವ್ರಪ್ಪ ಅಂದ್ಕೋತೀವಿ. ಪದೇಪದೇ ಬಾತ್ರೂಮು, ಸೆಕೆಲೂ ಫುಲ್ ತೋಳು, ಇವತ್ತು ನಗು ನಾಳೆ ಸಿಡಿಮಿಡಿ, ಇವೆಲ್ಲ ಬಿಡಿಬಿಡಿಯಾಗಿ ನೋಡಿದ್ರೆ ಏನೂ ಅಲ್ಲ. ನಾನು ನಂಬೋದು ಆಪರೇಷನ್ ಆದ್ಮೇಲೆ ಪೇಷಂಟ್ ಮಲಗ್ಸೋ ರಿಕವರಿ ರೂಮನ್ನ. ಚಾರ್ಟಲ್ಲಿ ಫೆಂಟನಿಲ್ (ಜೋರಾದ ನೋವಿನ ಔಷಧಿ) 200 ಮೈಕ್ರೋಗ್ರಾಂ ಕೊಟ್ಟಿದೆ ಅಂತ ನೀಟಾಗಿ ಬರ್ದಿರತ್ತೆ, ಪೇಷಂಟ್ ನೋಡಿದ್ರೆ ಮಂಚದ ಕಂಬಿ ಹಿಡ್ಕೊಂಡು ನರಳ್ತಿರ್ತಾರೆ. ಒಂದ್ಸಲ ಆದ್ರೆ ಬಿಡಿ, ಒಬ್ರದೇ ಕೇಸಲ್ಲಿ ಮತ್ತೆಮತ್ತೆ ಹಿಂಗಾದ್ರೆ ಡೇಟು ಟೈಮು ಬರ್ದಿಟ್ಕೊಳಿ.

ಅದನ್ನ ಡಿಪಾರ್ಟ್‌ಮೆಂಟ್ ಹೆಡ್ ಹತ್ರ ತಗೊಂಡೋಗಿ, ವಾಟ್ಸಾಪ್ ಗ್ರೂಪಿಗಲ್ಲ. ಡ್ರಗ್ ರಿಜಿಸ್ಟರ್ ಜೊತೆ ತಾಳೆ ನೋಡೋದು ಅವ್ರ ಕೆಲ್ಸ. ಯೂರಿನ್ ಟೆಸ್ಟ್ ನೆಗೆಟಿವ್ ಬಂತು ಅಂತ ಸುಮ್ನಾಗ್ಬೇಡಿ, ಮಾಮೂಲಿ ಓಪಿಯೇಟ್ ಸ್ಕ್ರೀನ್ ಹುಡುಕೋದು ಮಾರ್ಫಿನ್ ಜಾತಿದನ್ನ, ಫೆಂಟನಿಲ್ ಅದ್ರಲ್ಲಿ ಸಿಗಲ್ಲ, ಮತ್ತು ಬರ್ಸೋ ಪ್ರೊಪೋಫಾಲೂ ಅಷ್ಟೇ, ಹೆಸ್ರು ಹೇಳಿ ಬೇರೆ ಟೆಸ್ಟ್ ಕೇಳ್ಬೇಕು.

(ಇದೇನ್ ಹೊಸ ಕಾಯಿಲೆ ಅಲ್ಲ. 1844ರಲ್ಲಿ ನೈಟ್ರಸ್ ಆಕ್ಸೈಡ್ ತಗೊಂಡು ತನ್ನ ಹಲ್ಲನ್ನೇ ಕೀಳಿಸ್ಕೊಂಡ ಅಮೆರಿಕದ ಹಲ್ಲಿನ ಡಾಕ್ಟ್ರು ಹೊರೇಸ್ ವೆಲ್ಸ್, ಕ್ಲೋರೋಫಾರ್ಮ್ ಚಟ ಹತ್ತಿ 1848ಕ್ಕೆ ಮುಗ್ದೇಹೋದ.)

ಮಾತಾಡೋ ದಿನ ಇಬ್ರು ಮೂರ್ ಜನ ಇರಿ, ಒಬ್ರು ಸೈಕಿಯಾಟ್ರಿಸ್ಟ್ ಇರ್ಲಿ, ಚಿಕಿತ್ಸೆಗೆ ಬೆಡ್ಡು ಮೊದ್ಲೇ ರೆಡಿ ಮಾಡಿ. ಬೈಬೇಡಿ, ಬರ್ದಿಟ್ಟಿದ್ದನ್ನ ಮುಂದಿಟ್ರೆ ಸಾಕು. ಆಮೇಲೆ ಅವ್ರನ್ನ ಒಂದ್ ನಿಮಿಷಾನೂ ಒಂಟಿ ಬಿಡ್ಬೇಡಿ, ಮನೆಗೋಗಿ ಬಟ್ಟೆ ತಗೊಂಡ್ ಬರ್ತೀನಿ ಅಂದ್ರೂ ಜೊತೆಗೆ ಹೋಗಿ, ಅಲ್ಲಿಂದ ನೇರ ಅಡ್ಮಿಟ್.

ಬಾಗ್ಲು ಹಾಕಿರೋ ರೂಮಲ್ಲಿ ಬಿದ್ದಿರೋದೇ ಸಿಕ್ರೆ ಕೂಗಿ ಜನ ಕರೀರಿ, ಉಸಿರಾಟ ನೋಡಿ, ಮಾಸ್ಕ್ ಹಿಡಿದು ಗಾಳಿ ಕೊಡಿ. ಫೆಂಟನಿಲ್ ಆದ್ರೆ ನಲಾಕ್ಸೋನ್ ಇದೆ, ಪ್ರೊಪೋಫಾಲ್‌ಗೆ ಉಲ್ಟಾ ಔಷಧಿನೇ ಇಲ್ಲ, ಅದು ಇಳಿಯೋವರ್ಗೂ ನಿಮ್ಮ ಕೈಯೇ ಗತಿ.

ಗುಣ ಆಗಿ ವಾಪಸ್ ಬಂದಾಗ ಅದೇ ಔಷಧಿ ಟ್ರಾಲಿ ಕೈಗೆ ಕೊಡೋ ಆತುರ ಬೇಡ. ಬಿಟ್ಟು ತಿಂಗಳಾಗಿರತ್ತೆ, ಮೈಗೆ ತಡ್ಕೊಳೋ ಶಕ್ತಿ ಇಳ್ದಿರತ್ತೆ, ಹಳೇ ಡೋಸನ್ನೇ ಒಂದ್ಸಲ ತಗೊಂಡ್ರೂ ಉಸ್ರು ನಿಲ್ಬೋದು. ನಾಲ್ಟ್ರೆಕ್ಸೋನ್ (ಫೆಂಟನಿಲ್ ಥರದ್ದು ತಗೊಂಡ್ರೂ ನಶೆ ಏರದಂಗೆ ತಡೆಯೋ ಔಷಧಿ), ಆಗಾಗ ಟೆಸ್ಟು, ಬೇಕಾದ್ರೆ ಬೇರೆ ವಿಭಾಗ, ಇದೆಲ್ಲ ವಾಪಸ್ ಬರೋಕ್ ಮುಂಚೆನೇ ಮಾತಾಡಿ ಬರ್ದಿಟ್ಕೊಳಿ.